ಸ್ಟೀಫನ್ ಸಟನ್‌ನ ಬದುಕನ್ನು ಪ್ರೌಢಶಾಲೆಯ ಮಕ್ಕಳಿಗೆ ಹೇಗೆ ಹೇಳಬೇಕು?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಫೆಬ್ರವರಿ 4ರ ವಿಶ್ವ ಕ್ಯಾನ್ಸರ್ ದಿನದಂದು ನಮ್ಮ ಶಾಲೆಯ ಪ್ರಾರ್ಥನಾ ಸಭೆಯಲ್ಲಿ ಸ್ವಲ್ಪ ಹೊತ್ತು ಮಾತನಾಡುವ ಹೊಣೆಯನ್ನು ಮುಖ್ಯೋಪಾಧ್ಯಾಯರು ನನಗೆ ವಹಿಸಿದ್ದಾರೆ. ತಂಬಾಕಿನ ದುಷ್ಪರಿಣಾಮಗಳನ್ನು ಮಕ್ಕಳು ಪ್ರತಿವರ್ಷವೂ ಕೇಳುತ್ತಾರೆ. ಈ ಬಾರಿ ಅವರದೇ ವಯಸ್ಸಿನ ಒಬ್ಬನ ಬದುಕನ್ನು ಅವರ ಮುಂದಿಡಬೇಕೆಂದು ಯೋಚಿಸಿ, ಇಂಗ್ಲೆಂಡಿನ ಸ್ಟೀಫನ್ ಸಟನ್‌ನನ್ನು ಆರಿಸಿಕೊಂಡಿದ್ದೇನೆ. 15ನೇ ವಯಸ್ಸಿನಲ್ಲಿ ಕರುಳಿನ ಕ್ಯಾನ್ಸರ್ ಇದೆಯೆಂದು ತಿಳಿದು, 2014ರ ಮೇ 14ರಂದು 19ನೇ ವಯಸ್ಸಿನಲ್ಲಿ ತೀರಿಕೊಂಡ ಈ ಹುಡುಗ, ತನ್ನಂಥ ಹದಿಹರೆಯದ ರೋಗಿಗಳಿಗಾಗಿ ಕೋಟ್ಯಂತರ ರೂಪಾಯಿಗೆ ಸಮನಾದ ಹಣವನ್ನು ಸಂಗ್ರಹಿಸಿದವನು. ಆಸ್ಪತ್ರೆಯ ಹಾಸಿಗೆಯಿಂದ ಹೆಬ್ಬೆರಳೆತ್ತಿ ನಗುತ್ತಿರುವ ಆತನ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು.

ನನಗಿರುವ ಅಳುಕು ಏನೆಂದರೆ, ಎಂಟನೇ ತರಗತಿಯ ಒಬ್ಬ ಹುಡುಗಿ ರಕ್ತದ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿಕೊಂಡು ಈ ವರ್ಷ ಶಾಲೆಗೆ ಮರಳಿದ್ದಾಳೆ. ಆಕೆಯೂ ಆ ಸಭೆಯಲ್ಲಿ ಸಾಲಿನಲ್ಲಿ ನಿಂತಿರುತ್ತಾಳೆ. ಸ್ಟೀಫನ್ ಎಷ್ಟು ಧೈರ್ಯವಂತನಾಗಿದ್ದ, ಎಷ್ಟು ನಗುತ್ತಿದ್ದ ಎಂದು ನಾನು ಹೇಳುತ್ತ ಹೋದರೆ ಆಕೆಗೆ ಅದು ಬಲ ಕೊಡುತ್ತದೆಯೋ, ಇಲ್ಲವೇ ಅವಳ ಮೇಲೊಂದು ಹೊರೆಯಾಗುತ್ತದೆಯೋ ತಿಳಿಯದು. ಸತ್ತವನೊಬ್ಬನ ಮಾತನ್ನು ಅವಳ ಎದುರಿಗೆ ಆಡುವುದೇ ತರವೇ ಎಂಬ ಪ್ರಶ್ನೆಯೂ ಇದೆ. ಆದರೆ ಆತನನ್ನು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಈ ವಿಷಯವನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ನಿಮ್ಮ ಅಭಿಪ್ರಾಯ ತಿಳಿಸಿ.

ಉತ್ತರ 1: ಶುಶ್ರೂಷಕ, ಬರ್ಮಿಂಗ್‌ಹ್ಯಾಮ್ (ಊರು ಮೈಸೂರು)

ಮೇಡಂ, ನೀವು ಆತನನ್ನು ಬಿಡಬೇಡಿ. ನಾನು ಕೆಲಸ ಮಾಡುವುದು ಸ್ಟೀಫನ್‌ನ ಊರಾದ ಬರ್ನ್‌ಟ್‌ವುಡ್‌ಗೆ ಹತ್ತಿರದಲ್ಲೇ. ಅದು ಸ್ಟಾಫರ್ಡ್‌ಶೈರ್ ಪ್ರಾಂತದ ಒಂದು ಸಣ್ಣ ಪಟ್ಟಣ. ಆತನ ಬಗ್ಗೆ ಇಲ್ಲಿಯ ಜನ ಇಂದಿಗೂ ತಮ್ಮ ಮನೆಯ ಹುಡುಗನ ಬಗ್ಗೆ ಮಾತನಾಡುವಂತೆಯೇ ಮಾತನಾಡುತ್ತಾರೆ.

ಮಕ್ಕಳಿಗೆ ಹೇಳುವಾಗ ಘಟನೆಗಳು ನಡೆದ ಅನುಕ್ರಮವನ್ನು ಕಾಪಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಪತ್ರಿಕೆಗಳಲ್ಲಿ ಬಂದ ಬರಹಗಳು ಬಹುಪಾಲು ಆ ಕೊನೆಯ ಚಿತ್ರದಿಂದಲೇ ಶುರುವಾಗುತ್ತವೆ. ಕಾಯಿಲೆ ಪತ್ತೆಯಾದದ್ದು 2010ರ ಸೆಪ್ಟೆಂಬರ್‌ನಲ್ಲಿ. ಆಗ ಆತ ಓದು, ಓಟ, ಫುಟ್‌ಬಾಲ್ ಎಂದುಕೊಂಡಿದ್ದ, ಮುಂದೆ ವೈದ್ಯನಾಗಬೇಕೆಂದುಕೊಂಡಿದ್ದ ಹುಡುಗ. ಶಸ್ತ್ರಚಿಕಿತ್ಸೆಗಳು, ಕೀಮೋಥೆರಪಿ, ಮತ್ತೆ ಮತ್ತೆ ದೇಹದ ಬೇರೆ ಭಾಗಗಳಿಗೆ ಹರಡಿದ ಗಡ್ಡೆಗಳು, ಇವುಗಳ ನಡುವೆಯೇ ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಇನ್ನು ಗುಣಪಡಿಸಲಾಗದು ಎಂದು ವೈದ್ಯರು ತಿಳಿಸಿದರು. 2013ರ ಜನವರಿಯಲ್ಲಿ ಆತ ತಾನು ಮಾಡಬಯಸುವ 46 ಕೆಲಸಗಳ ಪಟ್ಟಿಯೊಂದನ್ನು ಮಾಡಿ, ತನ್ನ ಹೆಸರಿನ ಫೇಸ್‌ಬುಕ್ ಪುಟದಲ್ಲಿ ಹಾಕಿದ. ವಿಮಾನದಿಂದ ಧುಮುಕುವುದು, ಆನೆಯನ್ನು ಅಪ್ಪಿಕೊಳ್ಳುವುದು, ದೊಡ್ಡ ಜನಸಮೂಹದ ಮುಂದೆ ಡ್ರಮ್ಸ್ ಬಾರಿಸುವುದು, ಪುಸ್ತಕ ಬರೆಯುವುದು, ಹೀಗೆ ಹದಿನೆಂಟರ ಹುಡುಗನೊಬ್ಬ ಬಯಸುವಂಥವೇ ಅದರಲ್ಲಿದ್ದವು. 2013ರ ಮೇ ತಿಂಗಳಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲ್‌ಗೆ ಮುನ್ನ, ತುಂಬಿದ ಕ್ರೀಡಾಂಗಣದ ಎದುರು ಆತ ನಿಜಕ್ಕೂ ಡ್ರಮ್ಸ್ ಬಾರಿಸಿದ. ನಿಮ್ಮ ಮಕ್ಕಳು ಇದನ್ನು ಖಂಡಿತ ಇಷ್ಟಪಡುತ್ತಾರೆ.

ಆ ಪಟ್ಟಿಯೊಂದಿಗೇ 10,000 ಪೌಂಡ್ ಸಂಗ್ರಹಿಸುವ ಗುರಿಯೂ ಇತ್ತು. ಹಣ ಟೀನೇಜ್ ಕ್ಯಾನ್ಸರ್ ಟ್ರಸ್ಟ್ ಎಂಬ ಸಂಸ್ಥೆಗೆ ಸಲ್ಲಬೇಕಿತ್ತು. ಆ ಗುರಿಯನ್ನು ಆತ ಬೇಗನೆ ದಾಟಿ, 10 ಲಕ್ಷ ಪೌಂಡ್‌ನ ಗುರಿಯಿಟ್ಟುಕೊಂಡ. 2014ರ ಏಪ್ರಿಲ್ 22ರಂದು ಶ್ವಾಸಕೋಶ ಕುಸಿದು ಆಸ್ಪತ್ರೆಯಲ್ಲಿದ್ದಾಗ, ಇದು ತನ್ನ ಕೊನೆಯ ವಿದಾಯವಿರಬಹುದೆಂದು ಬರೆದು ಹೆಬ್ಬೆರಳಿನ ಚಿತ್ರವನ್ನು ಹಾಕಿದ. ಅದು ದೇಶವೆಲ್ಲ ಹರಡಿತು. ಹೆಸರಾಂತ ಹಾಸ್ಯ ಕಲಾವಿದರೂ ನಟರೂ ಅದನ್ನು ಹಂಚಿಕೊಂಡರು. ಆತ ತೀರಿಕೊಳ್ಳುವಷ್ಟರಲ್ಲಿ ಮೊತ್ತ 30 ಲಕ್ಷ ಪೌಂಡ್ ದಾಟಿತ್ತು, ಆಮೇಲೆ 50 ಲಕ್ಷವನ್ನೂ ಮೀರಿತು. ಆ ನಡುವೆ ಆತ ಸ್ವಲ್ಪ ಚೇತರಿಸಿಕೊಂಡು ಮನೆಗೂ ಹೋಗಿದ್ದ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಕೆಲವೇ ದಿನಗಳಲ್ಲಿ ಉಸಿರಾಟದ ತೊಂದರೆ ಮರುಕಳಿಸಿ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೇ ಕೊನೆಯಲ್ಲಿ ಲಿಚ್‌ಫೀಲ್ಡ್ ಕೆಥೆಡ್ರಲ್‌ನಲ್ಲಿ ಪಾರ್ಥಿವ ಶರೀರದ ಅಂತಿಮ ದರ್ಶನಕ್ಕೆ ಸಾವಿರಾರು ಜನ ಬಂದರು. ಬ್ರಿಟನ್ನಿನ ರಾಣಿಯ ಜನ್ಮದಿನದ ಗೌರವ ಪಟ್ಟಿಯಲ್ಲಿ ಆತನಿಗೆ ಎಂಬಿಇ ಪುರಸ್ಕಾರವೂ ಸಂದಿತು.

ಇನ್ನು ನನ್ನ ದೃಷ್ಟಿಯಲ್ಲಿ ಮುಖ್ಯವಾದ ಮಾತು. ಆ ಹಣ ಯಾವುದಕ್ಕೆ ಎಂಬುದನ್ನು ಹೇಳದಿದ್ದರೆ ಆತನನ್ನು ಅರ್ಧವಷ್ಟೇ ನೆನೆದಂತಾಗುತ್ತದೆ. ಹದಿಮೂರರಿಂದ ಇಪ್ಪತ್ತನಾಲ್ಕರ ವಯಸ್ಸಿನ ರೋಗಿಗಳು ಎಲ್ಲ ದೇಶಗಳಲ್ಲಿಯೂ ಎರಡು ಕಡೆಗೂ ಸಲ್ಲದವರು. ಒಂದೋ ಗೋಡೆಯ ಮೇಲೆ ಕರಡಿ, ಮೊಲಗಳ ಚಿತ್ರವಿರುವ ಮಕ್ಕಳ ವಾರ್ಡಿನಲ್ಲಿ, ಅಳುವ ಹಸುಗೂಸುಗಳ ನಡುವೆ ಮಲಗಬೇಕು; ಇಲ್ಲವೇ ಅಜ್ಜನ ವಯಸ್ಸಿನವರಿರುವ ವಾರ್ಡಿನಲ್ಲಿ ಬಾಯಿ ಬಿಡದೆ ದಿನ ಕಳೆಯಬೇಕು. ಟೀನೇಜ್ ಕ್ಯಾನ್ಸರ್ ಟ್ರಸ್ಟ್ 1990ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಈ ವಯಸ್ಸಿನವರಿಗಾಗಿಯೇ ಮೊದಲ ಘಟಕವನ್ನು ತೆರೆಯಿತು. ಈಗ ಬ್ರಿಟನ್ನಿನಲ್ಲಿ ಅಂಥ 28 ಘಟಕಗಳಿವೆ. ಅಲ್ಲಿ ಒಂದೇ ವಯಸ್ಸಿನವರು ಒಟ್ಟಿಗಿರುತ್ತಾರೆ, ಕೂತು ಹರಟಲು, ಆಡಲು ಜಾಗವಿರುತ್ತದೆ, ಸ್ನೇಹಿತರು ಬಂದು ಹೋಗಬಹುದು, ಈ ವಯಸ್ಸಿನ ಸಂಕಟಗಳನ್ನು ಅರಿತ ದಾದಿಯರಿರುತ್ತಾರೆ, ಕಾಯಿಲೆಯ ಮಾತು ಬಿಟ್ಟು ಬೇರೆಲ್ಲವನ್ನೂ ಅವರೊಂದಿಗೆ ಮಾತನಾಡಲೆಂದೇ ನೇಮಕಗೊಂಡ ಕಾರ್ಯಕರ್ತರೂ ಇರುತ್ತಾರೆ. ಸ್ಟೀಫನ್‌ಗೆ ಈ ಸಂಸ್ಥೆಯ ನೆರವು ಸಿಕ್ಕಿತ್ತು. ತನಗೆ ಸಿಕ್ಕಿದ್ದು ತನ್ನ ನಂತರ ಬರುವವರಿಗೂ ಸಿಗಲಿ ಎಂದು, ತಾನು ಅದನ್ನು ಬಳಸಲು ಇರುವುದಿಲ್ಲ ಎಂಬುದು ಗೊತ್ತಿದ್ದೂ ದುಡಿದನಲ್ಲ, ಆತನ ಧೈರ್ಯವನ್ನು ನಾನು ಅಲ್ಲಿ ಕಾಣುತ್ತೇನೆ. ವಿಮಾನದಿಂದ ಧುಮುಕಿದ್ದರಲ್ಲಿ ಅಷ್ಟಾಗಿ ಅಲ್ಲ.

ಉತ್ತರ 2: ಕ್ಯಾನ್ಸರ್ ತಜ್ಞವೈದ್ಯೆ, ಬೆಂಗಳೂರು

ಮೇಲಿನವರು ಹೇಳಿದ್ದನ್ನು ಒಪ್ಪುತ್ತ, ಅದಕ್ಕೆ ನಾನೊಂದು ವಿಷಯವನ್ನು ಸೇರಿಸಬೇಕು. ಸ್ಟೀಫನ್‌ನ ಬದುಕಿನಲ್ಲಿ ಮಕ್ಕಳಿಗೂ ಪೋಷಕರಿಗೂ ಅತ್ಯಂತ ಉಪಯುಕ್ತವಾದ ಭಾಗ 2010ರ ಆ ಮೊದಲ ತಿಂಗಳುಗಳು. ಹೊಟ್ಟೆನೋವೆಂದು ಹೋದ ಹುಡುಗನಿಗೆ ಮಲಬದ್ಧತೆಯೆಂದು ಹೇಳಿ ಔಷಧಿ ಕೊಡಲಾಯಿತು. ನೋವು ಹೋಗಲಿಲ್ಲ. ಕೊನೆಗೆ ಕರುಳಿನಲ್ಲಿ ಗಡ್ಡೆಯಿರುವುದು ತಿಳಿದಾಗ ಸಾಕಷ್ಟು ಕಾಲ ಕಳೆದುಹೋಗಿತ್ತು. ಇನ್ನೂ ಮೊದಲೇ ಕಂಡುಹಿಡಿದಿದ್ದರೆ ತನ್ನ ಸ್ಥಿತಿ ಉತ್ತಮವಾಗಿರುತ್ತಿತ್ತೆಂಬ ಬೇಸರವನ್ನು ಆತನೇ ಬಹಿರಂಗವಾಗಿ ಹೇಳಿಕೊಂಡಿದ್ದ. ಆತ ತೀರಿಕೊಂಡ ಮೇಲೆ ಆತನ ತಾಯಿ, ಕರುಳಿನ ಕ್ಯಾನ್ಸರ್ ಎಳೆಯರಿಗೂ ಬರಬಹುದೆಂಬ ಅರಿವು ವೈದ್ಯರಲ್ಲಿ ಮೂಡಿಸುವ ಅಭಿಯಾನದೊಂದಿಗೆ ನಿಂತರು.

ಆ ಕುಟುಂಬದಲ್ಲಿ ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ತೊಂದರೆ ಇತ್ತು. ಜೀವಕೋಶಗಳು ವಿಭಜನೆಯಾಗುವಾಗ ಡಿಎನ್‌ಎ ಪ್ರತಿಯಲ್ಲಿ ಆಗುವ ದೋಷಗಳನ್ನು ಸರಿಪಡಿಸುವ ಕೆಲವು ಜೀನ್‌ಗಳಿವೆ. ಅವುಗಳಲ್ಲೊಂದು ಹುಟ್ಟಿನಿಂದಲೇ ಕೆಟ್ಟಿದ್ದರೆ ದೋಷಗಳು ಸೇರುತ್ತ ಹೋಗಿ, ಕರುಳಿನ ಮತ್ತು ಗರ್ಭಕೋಶದ ಕ್ಯಾನ್ಸರಿನ ಸಾಧ್ಯತೆ ಸಾಮಾನ್ಯರಿಗಿಂತ ಬಹಳ ಹೆಚ್ಚಾಗುತ್ತದೆ. ತಂದೆ ಅಥವಾ ತಾಯಿಗೆ ಇದಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಶೇಕಡ 50. ಇದು ತಿಳಿದಿರುವ ಮನೆಗಳಲ್ಲಿ ಸಾಮಾನ್ಯ ವಯಸ್ಸಿಗಿಂತ ಬಹಳ ಮೊದಲೇ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಮಾಡಿಸಿಕೊಳ್ಳುತ್ತ, ಗಡ್ಡೆ ಕ್ಯಾನ್ಸರಾಗುವ ಮುನ್ನವೇ ತೆಗೆಸಿಕೊಳ್ಳಲು ಅವಕಾಶವಿದೆ. ನಮ್ಮಲ್ಲಿ ಮನೆಯ ಹಿರಿಯರಿಗೆ ಯಾವ ಕ್ಯಾನ್ಸರ್ ಆಗಿತ್ತೆಂಬುದನ್ನು ಮುಚ್ಚಿಡುವ ರೂಢಿ ಇನ್ನೂ ಬಲವಾಗಿದೆ. ಮಗಳ ಮದುವೆಗೆ ಅಡ್ಡಿಯಾಗುತ್ತದೆಂದು ಅಣ್ಣತಮ್ಮಂದಿರಿಗೂ ಹೇಳದವರನ್ನು ನಾನು ವೃತ್ತಿಯಲ್ಲಿ ನೋಡುತ್ತಲೇ ಇರುತ್ತೇನೆ. ಈ ಮೌನ ಪ್ರಾಣಕ್ಕೆ ಎರವಾಗಬಹುದು ಎಂದು ಪೋಷಕರ ಸಭೆಯಲ್ಲಾದರೂ ಹೇಳಬೇಕು.

ಧೈರ್ಯದ ಬಗ್ಗೆ ನಿಮಗಿರುವ ಅಳುಕು ಸಕಾರಣವಾದದ್ದು. ಮನೋಬಲವಿದ್ದವರು ಗೆಲ್ಲುತ್ತಾರೆ ಎಂಬ ಅರ್ಥ ಬರುವಂತೆ ದಯವಿಟ್ಟು ಮಾತನಾಡಬೇಡಿ. ಸ್ಟೀಫನ್‌ಗಿಂತ ಹೆಚ್ಚು ಮನೋಬಲವಿದ್ದವರನ್ನು ಎಲ್ಲಿಂದ ತರುವುದು? ಆತ ಉಳಿಯಲಿಲ್ಲ, ಉಳಿಯದಿರುವುದಕ್ಕೆ ಕಾರಣ ರೋಗದ ಬಗೆ, ಅದು ಹರಡಿದ್ದ ರೀತಿ ಮತ್ತು ಪತ್ತೆಯಾದ ಹಂತ. ನಿಮ್ಮ ವಿದ್ಯಾರ್ಥಿನಿಗಿದ್ದ ರಕ್ತದ ಕ್ಯಾನ್ಸರ್ ಬೇರೆಯೇ ರೋಗ, ಅದರ ಚಿಕಿತ್ಸೆಯೂ ಬೇರೆ. ಹದಿಹರೆಯದವರಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್, ದುಗ್ಧಗ್ರಂಥಿಗಳ ಲಿಂಫೋಮಾ ಮುಂತಾದವುಗಳಲ್ಲಿ ಪೂರ್ಣವಾಗಿ ಗುಣವಾಗುವವರು ಬಹಳ ಮಂದಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇಕಡ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ಹಾಗೂ ಮಧ್ಯಮ ಆದಾಯದ ಹಲವು ದೇಶಗಳಲ್ಲಿ ಆ ಪ್ರಮಾಣ ಶೇಕಡ 30ಕ್ಕಿಂತ ಕಡಿಮೆ. ಈ ಅಂತರ ಮಕ್ಕಳ ಧೈರ್ಯದಲ್ಲಿರುವ ವ್ಯತ್ಯಾಸದಿಂದ ಆದದ್ದಲ್ಲ. ತಡವಾಗಿ ಪತ್ತೆಯಾಗುವುದು, ತಪ್ಪಾಗಿ ಪತ್ತೆಯಾಗುವುದು, ಔಷಧಿ ಸಿಗದಿರುವುದು, ಹಣವಿಲ್ಲದೆಯೋ ಊರು ದೂರವಾಗಿಯೋ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವುದು, ಇವೇ ಅದರ ಕಾರಣಗಳು. ಆದ್ದರಿಂದ ಎಲ್ಲ ಮಕ್ಕಳ ಮುಂದೆ, ಈ ವಯಸ್ಸಿನಲ್ಲಿ ಕ್ಯಾನ್ಸರ್ ಅಪರೂಪವೆಂದೂ ಬಂದವರಲ್ಲಿ ಬಹಳಷ್ಟು ಮಂದಿ ಗುಣವಾಗುತ್ತಾರೆಂದೂ ಸ್ಪಷ್ಟವಾಗಿ ಹೇಳಿ. ಆ ಹುಡುಗಿಯನ್ನು ಹೊರಗಿಟ್ಟು ಯೋಚಿಸುವುದಕ್ಕಿಂತ, ಅವಳನ್ನೂ ಅವಳ ತಾಯಿಯನ್ನೂ ಮೊದಲೇ ಕರೆದು ಕೇಳಿಬಿಡುವುದು ಉತ್ತಮ.

ಉತ್ತರ 3: ಒಬ್ಬ ತಾಯಿ, ಶಿವಮೊಗ್ಗ

ನನ್ನ ಮಗಳು ಮೂಳೆಯ ಕ್ಯಾನ್ಸರಿನಿಂದ ಹದಿನಾರನೇ ವಯಸ್ಸಿನಲ್ಲಿ ಹೋದಳು. ನಾನು ಬರೆಯುವುದು ನಿಮಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ, ಸಾಂತ್ವನಕ್ಕಾಗಿ ಅಲ್ಲ.

ಅವಳನ್ನು ನೋಡಲು ಬಂದವರೆಲ್ಲ ಧೈರ್ಯವಾಗಿರು ಎಂದು ಹೇಳಿ ಹೋಗುತ್ತಿದ್ದರು. ಕೆಲವು ದಿನಗಳಾದ ಮೇಲೆ ಅವಳು, ಬಂದವರ ಮುಂದೆ ನಗುವುದಕ್ಕೆ ತನಗೆ ಸುಸ್ತಾಗುತ್ತದೆ, ಅವರು ಬರುವ ಹೊತ್ತಿಗೆ ನಿದ್ದೆ ಮಾಡಿದ ಹಾಗೆ ಮಲಗಿಬಿಡುತ್ತೇನೆ, ನೀನು ಎಬ್ಬಿಸಬೇಡ ಎಂದು ನನ್ನೊಡನೆ ಒಪ್ಪಂದ ಮಾಡಿಕೊಂಡಳು. ಅವಳು ಅಂಜುಬುರುಕಿಯಾಗಿರಲಿಲ್ಲ. ಕಾಲು ತೆಗೆಯಬೇಕಾಗುತ್ತದೆಯೇ ಎಂದು ನಾವು ಕೇಳಲು ಹೆದರಿದ್ದಾಗ ಡಾಕ್ಟರನ್ನು ನೇರವಾಗಿ ಕೇಳಿದವಳು ಅವಳೇ. ಆದರೆ ಅದೇ ಸಂಜೆ ಕೂದಲು ಉದುರಿದ್ದಕ್ಕೆ ಗೋಡೆಯ ಕಡೆ ತಿರುಗಿ ಅತ್ತಳು, ನನ್ನ ಮೇಲೆ ರೇಗಿದಳು, ಊಟದ ತಟ್ಟೆಯನ್ನು ತಳ್ಳಿದಳು. ಕೇಳಿದವಳೂ ಅತ್ತವಳೂ ಒಬ್ಬಳೇ. ನನ್ನ ಮಗಳನ್ನು ನೆನೆಯುವವರು ಮೊದಲನೆಯದನ್ನು ಮಾತ್ರ ನೆನೆದರೆ ನನಗೆ ಅವಳು ಗುರುತೇ ಸಿಗುವುದಿಲ್ಲ.

ಬರ್ಮಿಂಗ್‌ಹ್ಯಾಮಿನವರು ಬರೆದ ವಾರ್ಡಿನ ಮಾತನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅವಳನ್ನು ದೊಡ್ಡವರ ವಾರ್ಡಿನಲ್ಲಿ ಹಾಕಿದ್ದರು. ಅಕ್ಕಪಕ್ಕದ ಹೆಂಗಸರು ಒಳ್ಳೆಯವರೇ, ತಮ್ಮ ಮಗಳಂತೆ ನೋಡಿಕೊಂಡರು. ಆದರೆ ಅವರು ಮಾತನಾಡುತ್ತಿದ್ದುದು ಸೊಸೆಯ ಬಗ್ಗೆ, ಸಾಲದ ಬಗ್ಗೆ, ರಾತ್ರಿ ತೀರಿಕೊಂಡವರ ಬಗ್ಗೆ. ಇವಳಿಗೆ ಬೇಕಾಗಿದ್ದುದು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಹಾಲ್ ಟಿಕೆಟ್ ಬರುತ್ತದೋ ಇಲ್ಲವೋ ಎಂಬ ಸುದ್ದಿ. ತರಗತಿಯವರು ಮೊದಮೊದಲು ಗುಂಪಾಗಿ ಬಂದರು, ಆಮೇಲೆ ಏನು ಮಾತನಾಡಬೇಕೆಂದು ತೋಚದೆ ಬರುವುದನ್ನು ಬಿಟ್ಟರು. ಒಬ್ಬ ಹುಡುಗಿ ಮಾತ್ರ ಬಿಡಲಿಲ್ಲ. ಅವಳು ಧೈರ್ಯದ ಮಾತನ್ನು ಒಮ್ಮೆಯೂ ಆಡಲಿಲ್ಲ. ಗಣಿತದ ನೋಟ್ಸ್ ತರುತ್ತಿದ್ದಳು, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆಂದು ವರದಿ ಒಪ್ಪಿಸುತ್ತಿದ್ದಳು, ಇಬ್ಬರೂ ಸೇರಿ ಮೇಷ್ಟರೊಬ್ಬರ ದನಿಯನ್ನು ಅನುಕರಿಸಿ ನಗುತ್ತಿದ್ದರು. ಆ ನಗು ನಿಜವಾದದ್ದಾಗಿತ್ತು.

ಮೇಡಂ, ಸಭೆಯಲ್ಲಿ ನಿಂತಿರುವ ಉಳಿದ ಮಕ್ಕಳಿಗೆ ಇದನ್ನು ಹೇಳಿ. ಕಾಯಿಲೆಯ ಮಗುವಿಗೆ ಧೈರ್ಯವಿರಲಿ ಎಂದು ಬಯಸುವುದಕ್ಕಿಂತ, ಹೋಗಿ ಕೂರುವ ಧೈರ್ಯ ಉಳಿದವರಿಗೆ ಬೇಕು. ನಿಮ್ಮ ಹುಡುಗಿ ಶಾಲೆಗೆ ಮರಳಿದ್ದಾಳೆಂದು ಓದಿ ನನಗೆ ಬಹಳ ಸಂತೋಷವಾಯಿತು.

ಉತ್ತರ 4: ಟೊರೊಂಟೊ ನಿವಾಸಿ

ಕೆನಡಾದಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ಶಾಲಾ ಮಕ್ಕಳೆಲ್ಲ ಟೆರ್ರಿ ಫಾಕ್ಸ್ ಹೆಸರಿನಲ್ಲಿ ಓಡುತ್ತಾರೆ. ಮೂಳೆಯ ಕ್ಯಾನ್ಸರಿನಿಂದ 18ನೇ ವಯಸ್ಸಿನಲ್ಲಿ ಬಲಗಾಲನ್ನು ಕಳೆದುಕೊಂಡ ಆತ, 1980ರಲ್ಲಿ ಕೃತಕ ಕಾಲಿನೊಂದಿಗೆ 143 ದಿನ ಓಡಿ 5,373 ಕಿಲೋಮೀಟರ್ ಕ್ರಮಿಸಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ ಓಟ ಅರ್ಧಕ್ಕೆ ನಿಂತಿತು, ಮರುವರ್ಷ 22ನೇ ವಯಸ್ಸಿನಲ್ಲಿ ತೀರಿಕೊಂಡ. ಆತನನ್ನು ಓಡುವಂತೆ ಮಾಡಿದ್ದು ಚಿಕಿತ್ಸೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ತಾನು ಕಂಡ ಇತರ ಎಳೆಯ ರೋಗಿಗಳ ನರಳಿಕೆ. ಸ್ಟೀಫನ್‌ನ ವಿಷಯದಲ್ಲಿಯೂ ಹಾಗೆಯೇ ಇರುವುದನ್ನು ಇಲ್ಲಿ ಓದಿ ಗಮನಿಸಿದೆ. ನನ್ನ ಮಕ್ಕಳ ಶಾಲೆಯಲ್ಲಿ ಟೆರ್ರಿಯ ಬಗ್ಗೆ ಹೇಳುವಾಗ ಸಂಶೋಧನೆಗೆ ಹಣ ಹೋಗುವುದನ್ನು ಹೇಳುತ್ತಾರೆ. ಆತನಿಗೆ ಬಂದ ಅದೇ ಕ್ಯಾನ್ಸರಿಗೆ ಈಗ ಕೀಮೋಥೆರಪಿಯ ಜೊತೆಗೆ ಕಾಲನ್ನು ಉಳಿಸುವ ಶಸ್ತ್ರಚಿಕಿತ್ಸೆ ಬಹಳ ಮಂದಿಗೆ ಸಾಧ್ಯವಾಗಿದೆ ಎಂಬುದನ್ನೂ ಹೇಳುತ್ತಾರೆ. ಮಕ್ಕಳು ಅಳುತ್ತ ಮನೆಗೆ ಬರುವುದಿಲ್ಲ, ಪ್ರಶ್ನೆಗಳೊಂದಿಗೆ ಬರುತ್ತಾರೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ನನ್ನ ಕೃತಜ್ಞತೆಗಳು. ಶಿವಮೊಗ್ಗದ ಅಮ್ಮ, ನಿಮಗೆ ವಿಶೇಷವಾಗಿ ಕೈಮುಗಿಯುತ್ತೇನೆ. ನಿಮ್ಮ ಮಗಳ ಆ ಗೆಳತಿಯ ವಿಷಯವನ್ನು ಹೆಸರು, ಊರು ಯಾವುದೂ ಇಲ್ಲದೆ ಮಕ್ಕಳಿಗೆ ಹೇಳಲು ನಿಮ್ಮ ಅನುಮತಿ ಬೇಕು.

ಡಾಕ್ಟರ್ ಹೇಳಿದಂತೆ ಹುಡುಗಿಯನ್ನೂ ಅವಳ ತಾಯಿಯನ್ನೂ ಕರೆದು ಮಾತನಾಡಿದೆ. ತಾಯಿ ಸ್ವಲ್ಪ ಹಿಂಜರಿದರು. ಹುಡುಗಿ ಮಾತ್ರ, ಆ ಅಣ್ಣ ಆನೆಯನ್ನು ನಿಜವಾಗಿ ಅಪ್ಪಿಕೊಂಡನೇ ಎಂದು ಮೊದಲು ಕೇಳಿದಳು. ಆಮೇಲೆ, ತಾನು ಸಭೆಗೆ ಬರುತ್ತೇನೆಂದೂ, ಆದರೆ ಮಾತನಾಡುವಾಗ ನಾನು ತನ್ನ ಕಡೆ ನೋಡಬಾರದೆಂದೂ, ನೋಡಿದರೆ ಎಲ್ಲರೂ ತಿರುಗಿ ನೋಡುತ್ತಾರೆಂದೂ ಹೇಳಿದಳು. ಒಪ್ಪಿಕೊಂಡಿದ್ದೇನೆ. ಎದುರಿನ ಬೇವಿನ ಮರವನ್ನು ನೋಡಿಕೊಂಡೇ ಮಾತನಾಡುತ್ತೇನೆ.

ಸ್ಟೀಫನ್‌ನ ಪಟ್ಟಿಯಿಂದ ಆರಂಭಿಸಿ, ಕಾಯಿಲೆ ತಡವಾಗಿ ಪತ್ತೆಯಾದದ್ದನ್ನು ಹೇಳಿ, ಆ ವಾರ್ಡುಗಳ ವಿವರಣೆಗೆ ಹೆಚ್ಚು ಸಮಯ ಕೊಡಬೇಕೆಂದಿದ್ದೇನೆ. ಹೆಬ್ಬೆರಳಿನ ಚಿತ್ರವನ್ನು ತೋರಿಸುವುದಿಲ್ಲ. ಡ್ರಮ್ಸ್ ಬಾರಿಸುತ್ತಿರುವ ಚಿತ್ರ ಸಿಕ್ಕರೆ ಅದನ್ನು ತೋರಿಸುತ್ತೇನೆ. ಡಾಕ್ಟರ್, ಪೋಷಕರ ಸಭೆಗೆ ಒಂದು ಪುಟದ ತಿಳಿವಳಿಕೆ ಪತ್ರವನ್ನು ಸಿದ್ಧಪಡಿಸಬೇಕೆಂದಿದ್ದೇನೆ. ಅದರಲ್ಲಿ ಯಾವ ಲಕ್ಷಣಗಳನ್ನು ಬರೆಯಬಹುದು? ಭಯ ಹುಟ್ಟಿಸುವಂತಿರಬಾರದು.

ಉತ್ತರ 2ರ ವೈದ್ಯೆಯ ಮರುಉತ್ತರ

ಹೀಗೆ ಬರೆಯಿರಿ: ಬಿಡದೆ ಮರುಕಳಿಸುವ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕುತ್ತಿಗೆಯಲ್ಲೋ ಕಂಕುಳಲ್ಲೋ ನೋವಿಲ್ಲದೆ ದೊಡ್ಡದಾಗುತ್ತಿರುವ ಗಂಟು, ರಾತ್ರಿ ನಿದ್ದೆ ಕೆಡಿಸುವ ಮೂಳೆನೋವು, ಮಲದಲ್ಲಿ ರಕ್ತ ಅಥವಾ ಮಲವಿಸರ್ಜನೆಯ ಕ್ರಮದಲ್ಲಿ ಬಹುದಿನದ ಬದಲಾವಣೆ, ಸುಮ್ಮನೆ ಮೈಮೇಲೆ ಕಾಣುವ ಕಪ್ಪುನೀಲಿ ಕಲೆಗಳು. ಇವುಗಳಿಗೆ ಬಹುಪಾಲು ಸಂದರ್ಭಗಳಲ್ಲಿ ಸಾಮಾನ್ಯ ಕಾರಣಗಳೇ ಇರುತ್ತವೆ ಎಂಬುದನ್ನು ಮೊದಲ ಸಾಲಿನಲ್ಲಿಯೇ ದಪ್ಪ ಅಕ್ಷರಗಳಲ್ಲಿ ಹಾಕಿ. ಒಮ್ಮೆ ತೋರಿಸಿಕೊಂಡು ಬಂದ ಮೇಲೆಯೂ ಎರಡು ಮೂರು ವಾರಗಳಲ್ಲಿ ಕಡಿಮೆಯಾಗದಿದ್ದರೆ, ಹೋದದ್ದಾಯಿತಲ್ಲ ಎಂದು ಸುಮ್ಮನಾಗದೆ ಅದೇ ವೈದ್ಯರ ಬಳಿಗೆ ಮತ್ತೆ ಹೋಗಿ, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು ಎಂದು ಸೇರಿಸಿ. ಕರಡು ಸಿದ್ಧವಾದ ಮೇಲೆ ಇಲ್ಲಿಯೇ ಹಾಕಿದರೆ ನೋಡಿಕೊಡುತ್ತೇನೆ.